ಡೆಲ್ಕೋ ತಿರುಗಿಸಿದ್ದಷ್ಟೇ ಬಂತು: ಒಂದು ಅಂಬಾಸಿಡರ್‌ನ ಟೈಮಿಂಗ್ ಪ್ರಕರಣ

ಕಾರು ನಮ್ಮ ಮಾವನದು. 1978ರ ಅಂಬಾಸಿಡರ್, ಮಾರ್ಕ್ 3. 1489 ಸಿಸಿ ಪೆಟ್ರೋಲ್ ಇಂಜಿನ್, ಎಸ್‌ಯು ಕಾರ್ಬುರೇಟರ್, ಸ್ಟಿಯರಿಂಗ್ ಪಕ್ಕದಲ್ಲಿ ಗೇರ್ ಕಡ್ಡಿ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ, ಅಡಿಕೆ ಚೀಲ ಇಡುವ ಕೊಟ್ಟಿಗೆಯ ಅರ್ಧ ಭಾಗ ಅದಕ್ಕೇ ಮೀಸಲು. ವರ್ಷಕ್ಕೆ ಹತ್ತು ಹನ್ನೆರಡು ಸಲ ಉಡುಪಿಗೆ ಹೋಗಿ ಬರುತ್ತದೆ. ಹೋಗುವಾಗ ಆಗುಂಬೆ ಘಾಟಿ ಇಳಿಯುವುದು, ತಕರಾರಿಲ್ಲ. ಬರುವಾಗ ಸೋಮೇಶ್ವರ ದಾಟಿ 14 ಹೇರ್‌ಪಿನ್ ತಿರುವು ಹತ್ತಬೇಕು. ದೂರು ಶುರುವಾಗುವುದು ಅಲ್ಲಿ.

ದೂರು ಮೂರು. ತಿರುವು ಮುಗಿಸಿ ಮೂರನೇ ಗೇರ್‌ನಲ್ಲಿ 25ರ ವೇಗದಿಂದ ಎಳೆಯುವಾಗ ಇಂಜಿನ್ ಕಟಕಟ ಅನ್ನುತ್ತಿತ್ತು. ಒಣಗಿದ ಗೋಟಡಿಕೆಯನ್ನು ತಗಡಿನ ಡಬ್ಬಿಗೆ ಹಾಕಿ ಅಲ್ಲಾಡಿಸಿದರೆ ಬರುತ್ತದಲ್ಲ, ಅದೇ ಸದ್ದು. ಎರಡನೆಯದು, ಏಳೆಂಟು ತಿರುವು ಹತ್ತುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಮೂರನೆಯದು, ಲೀಟರಿಗೆ 10 ಕಿಲೋಮೀಟರ್ ಕೊಡುತ್ತಿದ್ದ ಕಾರು 7ಕ್ಕೆ ಇಳಿದಿತ್ತು.

ಜೊತೆಗೆ ಮಾವ ಇನ್ನೊಂದು ಮಾತು ಹೇಳಿದ್ದರು. "ಸ್ಪೀಡ್ ಹಿಡಿದ ಮೇಲೆ ಸದ್ದು ತಾನಾಗೇ ಹೋಗ್ತದೆ ಮಾರಾಯ." ಉತ್ತರ ಆ ಒಂದು ಮಾತಿನಲ್ಲೇ ಇತ್ತು. ಅದು ನನ್ನ ತಲೆಗೆ ಹೋಗಲು ಮೂರು ವಾರ ಬೇಕಾಯಿತು.

ಊರಲ್ಲಿ ಎಲ್ಲರೂ ಬೈದದ್ದು ಪೆಟ್ರೋಲನ್ನು. ಎಥನಾಲ್ ಬೆರೆಸಿದ್ದಕ್ಕೇ ನಾಕಿಂಗ್, ಅಂದರೆ ಆ ಕಟಕಟ ಸದ್ದು, ಅಂತ ತೀರ್ಪು. ಎಥನಾಲ್ ಮೇಲೆ ಹಳೇ ಕಾರಿನವರಿಗೆ ಬೇರೆ ದೂರುಗಳಿವೆ, ರಬ್ಬರ್ ಪೈಪು ಹಾಳಾಗುವುದು, ಮಿಶ್ರಣ ತೆಳುವಾಗುವುದು (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಹೀಗೆ. ಆದರೆ ನಾಕಿಂಗ್ ವಿಷಯದಲ್ಲಿ ಅದು ಉಲ್ಟಾ. ಎಥನಾಲ್ ಪೆಟ್ರೋಲ್‌ನ ಆಕ್ಟೇನ್ ಏರಿಸುತ್ತದೆ, ನಾಕಿಂಗ್ ತಡೆಯುತ್ತದೆ. ಪ್ಲಗ್ ಬಿಚ್ಚಿ ನೋಡಿದೆ. ನಾಲ್ಕೂ ಕಂದು ಬಣ್ಣ. ಮಿಶ್ರಣ ತೆಳುವಾಗಿದ್ದರೆ ಬೆಳ್ಳಗಿರಬೇಕಿತ್ತು. ಪೆಟ್ರೋಲನ್ನು ಅಲ್ಲಿಗೆ ಬಿಟ್ಟೆ.

ನಾನು ಕೈ ಹಾಕುವ ಮೊದಲೇ ಕಾರು ಎರಡು ಗ್ಯಾರೇಜು ಸುತ್ತಿತ್ತು. ಮೊದಲನೆಯವರು ಡೆಲ್ಕೋ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ, ಸ್ವಲ್ಪ ತಿರುಗಿಸಿ ಟೈಮಿಂಗ್ ಇಳಿಸಿದರು, ಕಿಡಿ ತಡವಾಗಿ ಬೀಳುವ ಹಾಗೆ. ನಾಕಿಂಗ್ ಕಡಿಮೆಯಾಯಿತು, ಜೊತೆಗೆ ಪುಲ್ಲಿಂಗ್ ಕೂಡ ಹೋಯಿತು. ಇಂಜಿನ್ ಕಾದ ಹಂಚಾಯಿತು. ಎರಡನೆಯವರು ಟೈಮಿಂಗ್ ಏರಿಸಿದರು. ಪುಲ್ಲಿಂಗ್ ಬಂತು, ಅಡಿಕೆ ಡಬ್ಬಿಯೂ ವಾಪಸ್ ಬಂತು. ಮತ್ತೆ ಮೊದಲನೆಯವರು, ಮತ್ತೆ ಇಳಿಸುವುದು. ಇಬ್ಬರೂ ಕೆಲಸ ಬಲ್ಲವರೇ. ಇಬ್ಬರೂ ಕಾರನ್ನು ಐಡ್ಲಿಂಗ್‌ನಲ್ಲಿಟ್ಟು, ಕಿವಿಗೊಟ್ಟು ಸೆಟ್ ಮಾಡಿದ್ದರು.

ಡೆಲ್ಕೋ ಅಂದೆ. ಡಿಸ್ಟ್ರಿಬ್ಯೂಟರ್‌ಗೆ ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಅದೇ ಹೆಸರು. ಅದು ಅಮೆರಿಕದ ಒಂದು ಕಂಪನಿಯ ಹೆಸರು, ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲ ಅಕ್ಷರಗಳು. ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಕಟ್ಟಿದ್ದು. ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ಇಗ್ನಿಷನ್ ಅಲ್ಲಿಂದ ಬಂದದ್ದು. ಪಾಯಿಂಟ್ ಅಂದರೆ ತೆರೆದ ಕ್ಷಣಕ್ಕೆ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. 1910ರ ಕ್ಯಾಡಿಲಾಕ್ ಕಾರಿಗೆ ಮೊದಲು ಹಾಕಿದರು. ಅಂಬಾಸಿಡರ್‌ನಲ್ಲಿ ಇರುವುದು ಲ್ಯೂಕಾಸ್ ಮಾದರಿಯದು, ಹೆಸರು ಮಾತ್ರ ಡೆಲ್ಕೋ. ಯಾವ ಕಂಪನಿಯ ಫೋಟೋಕಾಪಿ ಮಾಡಿಸಿದರೂ ಜೆರಾಕ್ಸ್ ಅನ್ನುತ್ತೇವಲ್ಲ, ಹಾಗೆ.

ಇನ್ನು ಟೈಮಿಂಗ್ ಅಂದರೆ ಏನು ಅನ್ನುವುದು. ಕಿಡಿ ಬಿದ್ದ ಕ್ಷಣಕ್ಕೇ ಸಿಲಿಂಡರ್‌ನಲ್ಲಿರುವ ಪೆಟ್ರೋಲೆಲ್ಲ ಉರಿದುಹೋಗುವುದಿಲ್ಲ. ಬೆಂಕಿ ಹರಡಲು ಒಂದೆರಡು ಮಿಲಿಸೆಕೆಂಡ್ ಬೇಕು. ಒತ್ತಡ ಗರಿಷ್ಠ ಆಗಬೇಕಾದ್ದು ಪಿಸ್ಟನ್ ತುದಿ ಮುಟ್ಟಿದ ಮೇಲೆ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಸುಮಾರು 15 ಡಿಗ್ರಿ ತಿರುಗಿದಾಗ. ಜೋಕಾಲಿ ನೂಕುವವರಿಗೆ ಇದು ಗೊತ್ತು. ಬರುತ್ತಿರುವ ಜೋಕಾಲಿಗೆ ಎದುರಾಗಿ ನೂಕಿದರೆ ಕೈ ನೋಯುತ್ತದೆ, ಹೋದ ಮೇಲೆ ನೂಕಿದರೆ ಗಾಳಿಗೆ ನೂಕಿದ ಹಾಗೆ. ಅದಕ್ಕೇ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸಬೇಕು. ಎಷ್ಟು ಮೊದಲು ಅನ್ನುವುದು ವೇಗದ ಮೇಲೆ ನಿಂತಿದೆ. ಇಂಜಿನ್ 1000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್ 1 ಮಿಲಿಸೆಕೆಂಡಿಗೆ 6 ಡಿಗ್ರಿ ತಿರುಗುತ್ತದೆ. 3000ದಲ್ಲಿ 18 ಡಿಗ್ರಿ. ವೇಗ ಏರಿದಂತೆ ಕಿಡಿ ಇನ್ನೂ ಮೊದಲೇ ಬೀಳಬೇಕು, ಅಂದರೆ ಅಡ್ವಾನ್ಸ್ ಆಗಬೇಕು.

ಈ ಕೆಲಸಕ್ಕೆ ಮೊದಲು ಡ್ರೈವರೇ ಬೇಕಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟಿಯರಿಂಗ್ ಕೆಳಗೆ ಎಡಗಡೆ ಒಂದು ಕಡ್ಡಿ ಇರುತ್ತಿತ್ತು, ಕಿಡಿಯ ಸಮಯ ಬದಲಿಸುವುದಕ್ಕೆಂದೇ. ಅದನ್ನು ಮೇಲಕ್ಕೆತ್ತಿ ಕಿಡಿ ತಡ ಮಾಡದೆ ಹ್ಯಾಂಡಲ್ ತಿರುಗಿಸಿದವರು ಕೈ ಮುರಿದುಕೊಂಡದ್ದುಂಟು. ಆಮೇಲಿನ ಡೆಲ್ಕೋಗಳಲ್ಲಿ ಎರಡು ಪುಟ್ಟ ತೂಕದ ತುಂಡುಗಳು ಬಂದವು. ವೇಗ ಏರಿದಾಗ ಹೊರಕ್ಕೆ ಹಾರಿ, ಪಾಯಿಂಟ್ ತೆರೆಯುವ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಅವುಗಳನ್ನು ಹಿಡಿದೆಳೆಯುವುದು ಎರಡು ಸ್ಪ್ರಿಂಗ್. ಒಂದು ಮೆತ್ತಗೆ, ಮೊದಲಿಂದಲೇ ಕೆಲಸ ಮಾಡುತ್ತದೆ. ಇನ್ನೊಂದು ಗಟ್ಟಿ, ಅದರ ಕೊಕ್ಕೆ ಸಡಿಲ, ವೇಗ ಸ್ವಲ್ಪ ಏರಿದ ಮೇಲೆ ಹಿಡಿಯುತ್ತದೆ. ಪಕ್ಕದಲ್ಲಿ ವ್ಯಾಕ್ಯೂಮ್ ಡಬ್ಬಿ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಸಪಾಟು ರಸ್ತೆಯಲ್ಲಿ ಹೋಗುವಾಗ ಮಿಶ್ರಣ ನಿಧಾನಕ್ಕೆ ಉರಿಯುತ್ತದೆ. ಆಗ ಆ ಡಬ್ಬಿಯೊಳಗಿನ ಡಯಾಫ್ರಾಮ್, ಅಂದರೆ ಇಂಜಿನ್ ಗಾಳಿ ಎಳೆಯುವ ಜೋರಿಗೆ ಸರಿಯುವ ಪೊರೆ, ಇನ್ನಷ್ಟು ಅಡ್ವಾನ್ಸ್ ಕೊಡುತ್ತದೆ. ಮೈಲೇಜು ಅದರ ಕೈಯಲ್ಲಿ.

ಅಂದರೆ ಟೈಮಿಂಗ್ ಒಂದು ಅಂಕಿಯಲ್ಲಿ ಹೇಳುವಂಥದ್ದಲ್ಲ, ವೇಗದ ಜೊತೆ ಏರುವ ಒಂದು ಗೆರೆ. ಡೆಲ್ಕೋ ಬಾಡಿ ತಿರುಗಿಸಿದರೆ ಇಡೀ ಗೆರೆ ಮೇಲೆ ಕೆಳಗೆ ಸರಿಯುತ್ತದೆ. ಗೆರೆಯ ಸೊಟ್ಟ ಹಾಗೇ ಉಳಿಯುತ್ತದೆ.

ಅಳೆಯಲು ಕೂತೆ. ಈ ಇಂಜಿನ್ನಿನ ಗುರುತುಗಳು ಇರುವುದು ಟೈಮಿಂಗ್ ಕವರ್‌ನ ಕೆಳಗೆ. ಮೂರು ಮುಳ್ಳು: ಉದ್ದದ್ದು ತುದಿ ಬಿಂದು, ಉಳಿದವು 5 ಮತ್ತು 10 ಡಿಗ್ರಿ. ನೋಡಬೇಕಾದರೆ ಕಾರಿನಡಿ ಮಲಗಬೇಕು. ಸಗಣಿ ಸಾರಿಸಿದ ನೆಲ, ಪುಣ್ಯಕ್ಕೆ ತಂಪಾಗಿತ್ತು. ಆದರೂ ಆ ಮುಳ್ಳುಗಳನ್ನು ಹಾಗೇ ನಂಬಲು ಮನಸ್ಸಾಗಲಿಲ್ಲ. ನಲವತ್ತು ವರ್ಷ ದಾಟಿದ ಕಾರು, ಕ್ರ್ಯಾಂಕಿನ ತುದಿಯ ಪುಲ್ಲಿ ಬದಲಾಗಿರಬಹುದು. ಒಂದನೇ ಪ್ಲಗ್ ತೂತಿಗೆ ಹಳೇ ಪ್ಲಗ್‌ನಿಂದ ಮಾಡಿದ ಒಂದು ತಡೆ ಹಾಕಿದೆ. ಇಂಜಿನ್ನನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ಪಿಸ್ಟನ್ ತಡೆಗೆ ತಾಗಿದ ಕಡೆ ಪುಲ್ಲಿಗೆ ಗುರುತು ಹಾಕಿದೆ. ಆಮೇಲೆ ಉಲ್ಟಾ ತಿರುಗಿಸಿ ಇನ್ನೊಂದು ಗುರುತು. ಎರಡರ ಸರಿಮಧ್ಯವೇ ತುದಿ ಬಿಂದು. ಮುಳ್ಳು 1 ಡಿಗ್ರಿಯೂ ತಪ್ಪಿರಲಿಲ್ಲ. ಪುಲ್ಲಿಯ ಸುತ್ತಳತೆಯನ್ನು 360ರಿಂದ ಭಾಗಿಸಿ ಕಾಗದದ ಪಟ್ಟಿ ಅಂಟಿಸಿದೆ. 1 ಡಿಗ್ರಿಗೆ ಬಂದದ್ದು 1 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಗೆರೆಗಳಿಗೆ ಅತ್ತೆಯ ಬಿಳಿ ನೇಲ್ ಪಾಲಿಶ್.

ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ಒಂದನೇ ಪ್ಲಗ್ ವೈರಿಗೆ ಟೈಮಿಂಗ್ ಲೈಟ್, ಅಂದರೆ ಕಿಡಿ ಬಿದ್ದಾಗಲೆಲ್ಲ ಮಿನುಗಿ ಗುರುತು ತೋರಿಸುವ ದೀಪ, ಸಿಕ್ಕಿಸಿದೆ. ಸ್ಟ್ಯಾಟಿಕ್, ಅಂದರೆ ಇಂಜಿನ್ ನಿಂತಿರುವಾಗಿನ ಟೈಮಿಂಗ್, 2 ಡಿಗ್ರಿಗೆ ಇಳಿಸಿಟ್ಟಿದ್ದರು. 700 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಗುರುತು ಒಂದು ಕಡೆ ನಿಲ್ಲಲೇ ಇಲ್ಲ, 2ರಿಂದ 9ರವರೆಗೆ ಕುಣಿಯುತ್ತಿತ್ತು. 1200ಕ್ಕೆ 18. 1500ಕ್ಕೆ 26. 2000ಕ್ಕೂ 26, 3000ಕ್ಕೂ 26.

ಅಲ್ಲಿಗೆ ಮಾವನ ಮಾತು ಅರ್ಥವಾಯಿತು. 3000ದ ಆಸುಪಾಸಿನಲ್ಲಿ ಸಿಗಬೇಕಾದ ಅಡ್ವಾನ್ಸ್ 1500ಕ್ಕೇ ಪೂರ್ತಿ ಬಂದು ಕೂತಿತ್ತು. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತುವಾಗ ಇಂಜಿನ್ ಇರುವುದು ಅದೇ 1500ರಲ್ಲಿ, ಪೂರ್ತಿ ಭಾರದಲ್ಲಿ. ಬರುತ್ತಿರುವ ಜೋಕಾಲಿಗೆ ಎದುರು ನೂಕು. ವೇಗ ಏರಿದ ಮೇಲೆ ಅದೇ 26 ಸರಿಯಾದ ಜಾಗಕ್ಕೆ ಬರುತ್ತದೆ, ಸದ್ದು ಹೋಗುತ್ತದೆ. ಇನ್ನೂ ಏರಿದರೆ ಅದೇ 26 ಸಾಲದು, ಕಿಡಿ ತಡವಾಗಿ ಬಿದ್ದ ಹಾಗೆ. ತಡವಾಗಿ ಉರಿದ ಬೆಂಕಿಯ ಬಿಸಿ ಪಿಸ್ಟನ್ ತಳ್ಳುವ ಬದಲು ಎಕ್ಸಾಸ್ಟಿಗೆ, ನೀರಿಗೆ ಹೋಗುತ್ತದೆ. ಒಂದೇ ಕಾರಿನಲ್ಲಿ ಬೇಗವೂ ಇತ್ತು, ತಡವೂ ಇತ್ತು. ಗ್ಯಾರೇಜಿನವರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು.

ಡೆಲ್ಕೋ ಮುಚ್ಚಳ ತೆಗೆದು, ಒಳಗೆ ಸುತ್ತಿ ಕಿಡಿ ಹಂಚುವ ರೋಟರನ್ನು ಬೆರಳಲ್ಲಿ ಅದು ಸುತ್ತುವ ಕಡೆಗೆ, ಅಂದರೆ ಎಡಕ್ಕೆ, ತಿರುಗಿಸಿ ಬಿಟ್ಟೆ. ಒಳ್ಳೆಯ ಡೆಲ್ಕೋ ಆದರೆ ಸ್ಪ್ರಿಂಗ್ ಎಳೆದು ಟಪ್ಪನೆ ವಾಪಸ್ ಬರಬೇಕು. ಇದು ತಿರುಗಿಸಿದಲ್ಲೇ ನಿಂತಿತು. ಲೈಟೂ ಬೇಡ, ಪಟ್ಟಿಯೂ ಬೇಡ, ಅರ್ಧ ನಿಮಿಷದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬಹುದಿತ್ತು. ನಾನು ನೆಲದಲ್ಲಿ ಮಲಗಿ ನೇಲ್ ಪಾಲಿಶ್ ಬಳಿಯುತ್ತಿದ್ದೆ.

ಪಾಯಿಂಟ್ ಕೂತ ತಟ್ಟೆ ಬಿಚ್ಚಿದಾಗ ಕಂಡದ್ದು: ಮೆತ್ತನೆಯ ಸ್ಪ್ರಿಂಗ್ ತುಂಡಾಗಿ ಮೂಲೆಯಲ್ಲಿ ಬಿದ್ದಿತ್ತು. ಗಟ್ಟಿ ಸ್ಪ್ರಿಂಗ್ ಇರಬೇಕಾದಲ್ಲಿ ಯಾರೋ ಯಾವ ಕಾಲದಲ್ಲೋ ಹಾಕಿದ ಬೇರೆ ಸ್ಪ್ರಿಂಗ್, ಬಾಲ್‌ಪೆನ್ ಸ್ಪ್ರಿಂಗಿನಷ್ಟು ಸಡಿಲ. ಒಂದು ತುಂಡಾಗಿದ್ದರೆ ಇನ್ನೊಂದು ಸ್ವಲ್ಪವಾದರೂ ತಡೆಯುತ್ತಿತ್ತು. ಇಲ್ಲಿ ತಡೆಯುವವರೇ ಇರಲಿಲ್ಲ. ಕ್ಯಾಮಿನ ತೋಳಿನ ಮೇಲೆ 12 ಅಂತ ಅಚ್ಚೊತ್ತಿತ್ತು. ಅದು ಡೆಲ್ಕೋ ಡಿಗ್ರಿ. ಡೆಲ್ಕೋ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಹಾಗಾಗಿ ಕ್ರ್ಯಾಂಕ್ ಲೆಕ್ಕದಲ್ಲಿ 24. ಸ್ಟ್ಯಾಟಿಕ್ 2 ಸೇರಿದರೆ 26. ಲೈಟ್ ಸುಳ್ಳು ಹೇಳಿರಲಿಲ್ಲ.

ಇನ್ನೂ ಎರಡು ಸಿಕ್ಕವು. ವ್ಯಾಕ್ಯೂಮ್ ಪೈಪಿಗೆ ಬಾಯಿ ಹಾಕಿ ಎಳೆದರೆ ಬರೀ ಗಾಳಿ, ಡಯಾಫ್ರಾಮ್ ಹರಿದಿತ್ತು. ಮೈಲೇಜಿನ ದೊಡ್ಡ ಪಾಲು ಅಲ್ಲಿ ಹೋಗಿತ್ತು ಅಂತ ನನ್ನ ಲೆಕ್ಕ. ಇನ್ನೊಂದು, ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಅಕ್ಕಪಕ್ಕ ಆಡುತ್ತಿತ್ತು. ಶಾಫ್ಟ್ ಕೂರುವ ಬುಶ್ ಸವೆದರೆ ಪಾಯಿಂಟ್ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ: ಜಾಸ್ತಿಯಾದರೆ ಬೇಗ ತೆರೆದು ಅಡ್ವಾನ್ಸ್, ಕಡಿಮೆಯಾದರೆ ತಡವಾಗಿ ತೆರೆದು ರಿಟಾರ್ಡ್. ಐಡ್ಲಿಂಗ್‌ನಲ್ಲಿ ಗುರುತು ಕುಣಿಯಲು ಇದೂ ಒಂದು ಕಾರಣ.

ರಿಪೇರಿ ದೊಡ್ಡ ಕಥೆಯೇನಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದಿಡೀ ದಿನ ಸುತ್ತಿ, ಇದೇ ಮಾದರಿಯ ಹಳೇ ಡೆಲ್ಕೋ ಒಂದು ಹಿಡಿದು ತಂದೆ. ಅದರ ಸ್ಪ್ರಿಂಗ್ ಜೋಡಿ ಗಟ್ಟಿಯಾಗಿತ್ತು, ಡಯಾಫ್ರಾಮೂ ಚೆನ್ನಾಗಿತ್ತು. ಬುಶ್ ಲೇತ್‌ನಲ್ಲಿ ಮಾಡಿಸಿ, ಒಂದು ದಿನ ಪೂರ್ತಿ ತೆಳು ಇಂಜಿನ್ ಆಯಿಲ್‌ನಲ್ಲಿ ನೆನೆಸಿ ಕೂರಿಸಿದ್ದಾಯಿತು. ಎಲ್ಲಾ ಸೇರಿ 3,200 ರೂಪಾಯಿ.

ಸೆಟ್ ಮಾಡುವಾಗ ಮೊದಲು ಪಾಯಿಂಟ್ ಗ್ಯಾಪ್, 0.40 ಮಿಲಿಮೀಟರ್. ಆಮೇಲೆ ಟೈಮಿಂಗ್. ಈ ಕ್ರಮ ಉಲ್ಟಾ ಮಾಡಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಸ್ಟ್ಯಾಟಿಕ್ ಟೈಮಿಂಗಿಗೆ ಬಲ್ಬ್ ಸಾಕು. ಒಂದು ವೈರ್ ಡೆಲ್ಕೋಗೆ ಕಾಯಿಲ್‌ನಿಂದ ಬರುವ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಕೀ ಆನ್ ಮಾಡಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ಬೇಕಾದ ಡಿಗ್ರಿಗೆ ತಂದಿಡಬೇಕು. ಡೆಲ್ಕೋ ಬಾಡಿಯನ್ನು ಬಲಕ್ಕೆ, ಅಂದರೆ ರೋಟರ್ ಸುತ್ತುವುದಕ್ಕೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್. ಬಲ್ಬ್ ಹತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಅಲ್ಲಿ ಬೋಲ್ಟ್ ಬಿಗಿ.

ಇದಾದ ಮೇಲೆ ಲ್ಯೂಕಾಸ್ ಡೆಲ್ಕೋದ ಒಂದು ಸೊಗಸು ಉಪಯೋಗಕ್ಕೆ ಬರುತ್ತದೆ. ವ್ಯಾಕ್ಯೂಮ್ ಡಬ್ಬಿಯ ಹತ್ತಿರ ಹಲ್ಲುಹಲ್ಲಾದ ಒಂದು ಪುಟ್ಟ ನಟ್ಟು. ಬೋಲ್ಟ್ ಸಡಿಲಿಸದೆ ಬೆರಳಲ್ಲೇ ತಿರುಗಿಸಬಹುದು. ಟಿಕ್ ಟಿಕ್ ಅನ್ನುತ್ತದೆ, ಸುಮಾರು 11 ಟಿಕ್ಕಿಗೆ 1 ಡಿಗ್ರಿ. ಆ ಎರಡು ಗ್ಯಾರೇಜಿನಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ, ಮಣ್ಣು ಮೆತ್ತಿ ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಕೆಲಸ ಮಾಡಿತು. ಸ್ಟ್ಯಾಟಿಕ್ 4 ಡಿಗ್ರಿಯಿಂದ ಶುರು ಮಾಡಿದೆವು. ಸೋಮೇಶ್ವರದಿಂದ ಹತ್ತುವುದು, ಒಂದು ತಿರುವಿನ ಪಕ್ಕ ಜಾಗ ಸಿಕ್ಕಲ್ಲಿ ನಿಲ್ಲಿಸಿ ಟಿಕ್ಕು ಏರಿಸುವುದು, ಮತ್ತೆ ಹತ್ತುವುದು. ಕಾರಿಗೆ ಏನೋ ಆಗಿದೆ ಅಂತ ಬೈಕಿನವರೊಬ್ಬರು ನಿಲ್ಲಿಸಿ ವಿಚಾರಿಸಿದರು. ಮಂಗಗಳೂ ಬಂದವು. 8ಕ್ಕೆ ಏರಿಸಿದಾಗ ಒಂದೆರಡು ಅಡಿಕೆ ಅಲ್ಲಾಡಿದ ಸದ್ದು ಕೇಳಿತು. 22 ಟಿಕ್ ಹಿಂದೆ ಬಂದು 6ರಲ್ಲಿ ನಿಲ್ಲಿಸಿದೆವು.

ಈಗಿನ ಗೆರೆ: ಐಡ್ಲಿಂಗ್‌ನಲ್ಲಿ 6, ಗುರುತು ಅಲ್ಲಾಡುವುದಿಲ್ಲ. 1000ಕ್ಕೆ 8. 1500ಕ್ಕೆ 14. 2000ಕ್ಕೆ 20. 2500ಕ್ಕೆ 25. 3000ಕ್ಕೆ 30, ಅಲ್ಲಿಂದ ಮುಂದೆ ಅಷ್ಟೇ. ಸ್ಟ್ಯಾಟಿಕ್ ಮೊದಲಿಗಿಂತ 4 ಡಿಗ್ರಿ ಜಾಸ್ತಿ, ಆದರೂ 1500ರಲ್ಲಿ 12 ಡಿಗ್ರಿ ಕಡಿಮೆ. 14 ತಿರುವು ಒಂದೇ ಉಸಿರಿಗೆ ಹತ್ತಿತು. ಮೇಲೆ ಬಂದು ಬಾನೆಟ್ ತೆರೆದರೆ ರೇಡಿಯೇಟರ್ ಸುಮ್ಮನಿತ್ತು. ಮುಂದಿನ ಮೂರು ಟ್ಯಾಂಕ್ ಲೆಕ್ಕ ಇಟ್ಟೆವು, ಲೀಟರಿಗೆ 9.5ರ ಆಸುಪಾಸು.

ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಕೈ ಸುಮ್ನಿರಬೇಕಲ್ವಾ?

ಇಲೆಕ್ಟ್ರಾನಿಕ್ ಮಾಡಿಸಿದರೆ ಟೈಮಿಂಗ್ ತಲೆನೋವೇ ಇಲ್ಲ ಅಂತ ಹೇಳುವವರು ಬೇಕಾದಷ್ಟಿದ್ದಾರೆ. ಯಾವ ಇಲೆಕ್ಟ್ರಾನಿಕ್ ಅಂತ ಕೇಳಿ. ಡೆಲ್ಕೋ ಒಳಗೆ ಪಾಯಿಂಟ್ ಬದಲು ಕೂರಿಸುವ ಪುಟ್ಟ ಮಾಡ್ಯೂಲ್ ಸಿಗುತ್ತದೆ. ಗ್ಯಾಪ್ ಇಲ್ಲ, ಸವೆತ ಇಲ್ಲ, ಒಳ್ಳೆಯದೇ. ಆದರೆ ತೂಕದ ತುಂಡು, ಸ್ಪ್ರಿಂಗ್ ಹಾಗೇ ಇರುತ್ತವೆ. ಮಾವನ ಕಾರಿಗೆ ಸುಮ್ನೆ ಅದನ್ನು ಹಾಕಿದ್ದರೆ 1500ಕ್ಕೆ 26 ಡಿಗ್ರಿ ಇನ್ನೂ ಕರಾರುವಾಕ್ಕಾಗಿ ಬರುತ್ತಿತ್ತು, ಅಷ್ಟೇ. ಗೆರೆಯನ್ನೇ ಬದಲಿಸಬೇಕಾದರೆ ಪ್ರೋಗ್ರಾಮ್ ಮಾಡುವ ಕಂಟ್ರೋಲರ್ ಬೇಕು.

ನಾನು ಹಾಕಿದ್ದು ಅದು. ಪುಲ್ಲಿಗೆ 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಬಿಟ್ಟ ಉಕ್ಕಿನ ಚಕ್ರ. ಎದುರಿಗೆ ವಿಆರ್ ಸೆನ್ಸರ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಂತಿಯ ಸುರುಳಿ. ಹಲ್ಲಿಲ್ಲದ ಜಾಗ ಬಂದಾಗ ಕ್ರ್ಯಾಂಕ್ ಎಲ್ಲಿದೆ ಅಂತ ಕಂಟ್ರೋಲರ್‌ಗೆ ಗೊತ್ತಾಗುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ತೂತು ಕೊರೆದು ಒತ್ತಡ ಅಳೆಯುವ ಸೆನ್ಸರ್. ವ್ಯಾಕ್ಯೂಮ್ ಡಬ್ಬಿಯ ಕೆಲಸ ಅದರದು. ಕಂಟ್ರೋಲರ್ ಸ್ಪೀಡುಯಿನೋ, ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ನಡೆಯುವ ಓಪನ್ ಸೋರ್ಸ್ ಸಾಮಾನು, ಇಗ್ನಿಷನ್ ಮಾತ್ರ ನೋಡಿಕೊಳ್ಳುವ ಹಾಗೆ. ಎರಡೆರಡು ಸಿಲಿಂಡರಿಗೆ ಒಂದರಂತೆ ಎರಡು ಕಾಯಿಲ್: 1-4ಕ್ಕೆ ಒಂದು, 2-3ಕ್ಕೆ ಒಂದು. ಖರ್ಚು 21 ಸಾವಿರ. ಡೆಲ್ಕೋ, ಹಳೇ ಕಾಯಿಲ್ ಎರಡನ್ನೂ ಕೀಳಬಾರದು ಅಂತ ಮಾವನ ಷರತ್ತು. ಅವು ಇದ್ದಲ್ಲೇ ಉಳಿದವು. ರೋಟರ್ ಒಳಗೆ ಸುಮ್ಮನೆ ಸುತ್ತುತ್ತಿತ್ತು.

ಲ್ಯಾಪ್‌ಟಾಪ್‌ನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ, ಲೈಟ್ ಹಿಡಿದು ಹೊಂದಿಸಿದೆ. ಐಡ್ಲಿಂಗ್‌ನಲ್ಲಿ ಸರಿಯಾಗಿ 10. 3000ಕ್ಕೆ ಏರಿಸಿದರೆ ಲೈಟ್ 6 ತೋರಿಸುತ್ತಿದೆ, ಪರದೆ ಮಾತ್ರ 10 ಅನ್ನುತ್ತಿದೆ. ಎರಡು ಸಂಜೆ ಸಾಫ್ಟ್‌ವೇರ್‌ನಲ್ಲಿ ತಡಕಾಡಿದೆ. ತಪ್ಪಿದ್ದದ್ದು ಸೆನ್ಸರ್‌ನ ಎರಡು ವೈರು ಅದಲುಬದಲಾದದ್ದು. ವಿಆರ್ ಸೆನ್ಸರ್‌ನ ಧ್ರುವ ಉಲ್ಟಾ ಆದರೆ ಹಲ್ಲಿಲ್ಲದ ಜಾಗದ ಹತ್ತಿರ ಸಿಗ್ನಲ್ ತಪ್ಪಾಗಿ ಓದುತ್ತದೆ, ಟೈಮಿಂಗ್ ವೇಗದ ಜೊತೆ ಜಾರುತ್ತದೆ. ವೈರ್ ಬದಲಿಸಿದೆ. ಐಡ್ಲಿಂಗ್‌ನಲ್ಲಿ ಮತ್ತೆ ಹೊಂದಿಸಿದ ಮೇಲೆ 3000ಕ್ಕೂ 10. ಆ ಲೈಟ್ ಹಿಡಿಯದೆ ಪರದೆಯನ್ನೇ ನಂಬಿದ್ದರೆ, ಆಮೇಲೆ ಬರೆಯುವ ಮ್ಯಾಪ್, ಅಂದರೆ ವೇಗಕ್ಕೂ ಭಾರಕ್ಕೂ ತಕ್ಕ ಟೈಮಿಂಗ್ ಕೋಷ್ಟಕ, 3000ದ ಹತ್ತಿರ 4 ಡಿಗ್ರಿ ಸುಳ್ಳಾಗುತ್ತಿತ್ತು.

ಮ್ಯಾಪ್ ಬರೆಯುವುದು ಮಜಾ. ಸ್ಪ್ರಿಂಗು ಒಂದೇ ಗೆರೆ ಎಳೆಯಬಲ್ಲದು, ಇಲ್ಲಿ ಕೋಷ್ಟಕದ ಒಂದೊಂದು ಚೌಕಕ್ಕೂ ಒಂದೊಂದು ಅಂಕಿ. 1500ರಲ್ಲಿ ಪೂರ್ತಿ ಭಾರಕ್ಕೆ 13 ಇಟ್ಟೆ, ಅದೇ 1500ರಲ್ಲಿ ಹಗುರ ಭಾರಕ್ಕೆ 28. ಸಪಾಟು ರಸ್ತೆಯಲ್ಲಿ 2500ಕ್ಕೆ 38. ಐಡ್ಲಿಂಗ್ ಕುಸಿಯುವ ಹಾಗಾದರೆ ಅಡ್ವಾನ್ಸ್ ಏರಿಸಿ ಎತ್ತಿಹಿಡಿಯುವ ಹಾಗೆ ಬರೆದೆ. ಆಗುಂಬೆ 600 ಮೀಟರ್‌ಗಿಂತ ಎತ್ತರದಲ್ಲಿದೆ. ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 99 ಕಿಲೋಪ್ಯಾಸ್ಕಲ್ ಹತ್ತಿರ ಇರುತ್ತಿದ್ದ ಒತ್ತಡ, ಮೇಲೆ ಬಂದಾಗ 93 ಆಗುತ್ತಿತ್ತು. ಗಾಳಿ ತೆಳುವಾದದ್ದು ಪರದೆಯಲ್ಲೇ ಕಾಣುತ್ತಿತ್ತು, ಕಂಟ್ರೋಲರ್ ಅದಕ್ಕೆ ತಕ್ಕ ಚೌಕಕ್ಕೆ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಬೆಳಗಿನ ಸ್ಟಾರ್ಟಿಂಗ್ ಒಂದೇ ಸಲಕ್ಕೆ. ಐಡ್ಲಿಂಗ್ ಗಡಿಯಾರದ ಹಾಗೆ. ಮೈಲೇಜ್ 10 ಮುಟ್ಟಿತು. ಘಾಟಿ ಹತ್ತುವುದರಲ್ಲಿ ಮಾವನಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ. 3,200 ರೂಪಾಯಿಯ ಸ್ಪ್ರಿಂಗು ಬುಶ್ಶು ಎರಡೂವರೆ ಕಿಲೋಮೀಟರ್ ತಂದುಕೊಟ್ಟಿದ್ದವು, 21 ಸಾವಿರದ್ದು ಅರ್ಧ ಕಿಲೋಮೀಟರ್.

ಹೋದ ಮಳೆಗಾಲದಲ್ಲಿ ಇಲಿ ಸೆನ್ಸರ್ ವೈರ್ ಕಡಿದು ಹಾಕಿತು. ಕಾರು ಸ್ಟಾರ್ಟ್ ಆಗಲಿಲ್ಲ. ನಾನು ಬೆಂಗಳೂರಿನಲ್ಲಿದ್ದೆ. ಮಾವ ಫೋನ್ ಮಾಡಿದರು. ಯಾವ ವೈರ್ ಎಲ್ಲಿಗೆ ಅಂತ ಹೇಳುತ್ತಾ ಹೋದೆ. ಪ್ಲಗ್ ವೈರುಗಳನ್ನು ಡೆಲ್ಕೋ ಮುಚ್ಚಳಕ್ಕೆ, ಕಿಡಿ ಬೀಳುವ 1-3-4-2ರ ಕ್ರಮದಲ್ಲಿ ಎಡಕ್ಕೆ ಸುತ್ತಿ ಚುಚ್ಚಿ, ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ, ಹಳೇ ಕಾಯಿಲಿಗೆ ಕರೆಂಟ್ ಕೊಟ್ಟರು. ಇಪ್ಪತ್ತು ನಿಮಿಷ. ಎರಡನೇ ಸಲಕ್ಕೆ ಇಂಜಿನ್ ಎದ್ದ ಸದ್ದು ಫೋನಿನಲ್ಲೇ ಕೇಳಿತು. ಟೈಮಿಂಗ್ ಮುಟ್ಟಬೇಕಾಗಲಿಲ್ಲ, 6 ಡಿಗ್ರಿ ಅಲ್ಲೇ ಇತ್ತು.

ಹೊಸ ವೈರ್ ತಂದಿಟ್ಟು ಆರು ತಿಂಗಳಾಯಿತು. ಹಾಕೋಣವೇ ಅಂತ ಕೇಳಿದಾಗಲೆಲ್ಲ ಮಾವ ಅಡಿಕೆ ಕೊಯ್ಲು ಮುಗಿಯಲಿ ಅನ್ನುತ್ತಾರೆ.